ಮೊರ್ಡ್‌ಟೈಖ್: ಒಂದಕ್ಷರದ ಕೊಲೆ

ಉತ್ತರ ಜರ್ಮನಿಯ ಗ್ರೆಮ್ಮೆನ್‌ರೋಡ್ ಎಂಬ ಹಳ್ಳಿಯ ಹೊರಗೆ ಒಂದು ಕೆರೆಯಿದೆ. ನೀರು ಕಪ್ಪು, ದಡದಲ್ಲಿ ಜೊಂಡು, ಜೊಂಡಿನ ನಡುವೆ ಸೊಂಟದೆತ್ತರದ ಕಲ್ಲಿನ ಶಿಲುಬೆ. ಕೆರೆಯ ಹೆಸರು ಮೊರ್ಡ್‌ಟೈಖ್, ಎಂದರೆ ಕೊಲೆಕೆರೆ. ಹಿಂದೆ ಒಮ್ಮೆ ಇಲ್ಲಿ ಮೀನು ಸಾಕುತ್ತಿದ್ದವನೊಬ್ಬ ಉಪ್ಪಿನ ವ್ಯಾಪಾರಿಯನ್ನು ಕೊಂದು ನೀರಿಗೆಸೆದ, ಆ ವ್ಯಾಪಾರಿಯ ನೆನಪಿಗೇ ಈ ಶಿಲುಬೆ ಎನ್ನುತ್ತಾರೆ. ಎನ್ನುವುದಕ್ಕೆ ಖರ್ಚಿಲ್ಲ.

ಅದರ ಬೆಲೆ ತೆತ್ತವಳು ವೀಬ್ಕೆ. ಸುಮಾರು ಇನ್ನೂರ ಎಂಬತ್ತು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ, ಅವಳ ಗಂಡ ಹಿನ್ರಿಕ್ ಜ್ವರದಿಂದ ಸತ್ತ. ಆ ಕೆರೆಯ ಮೀನೇ ಅವನ ಮನೆತನದ ಕಸುಬು. ಕೊಲೆಗಡುಕನ ವಂಶದವನಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿಲ್ಲ ಎಂದರು ಊರವರು. ಅವರಿಗೆ ಆಧಾರ, ಹಿಂದಿನ ಪಾದ್ರಿಯೊಬ್ಬರು ಬರೆದಿಟ್ಟ ಊರಿನ ಚರಿತ್ರೆ. ಹಿನ್ರಿಕನ ಮುತ್ತಜ್ಜನೇ ಆ ಕೊಲೆಗಾರ ಎಂದು ಅದರಲ್ಲಿತ್ತು. ಮೂರು ದಿನ ಹೆಣ ಬಲೆ ಇಡುವ ಕೊಟ್ಟಿಗೆಯಲ್ಲಿ ಬಿದ್ದಿತ್ತು. ನಾಲ್ಕನೆಯ ಬೆಳಿಗ್ಗೆ ವೀಬ್ಕೆ ಪೆಟ್ಟಿಗೆಯಿಂದ ಹಳೆಯ ಗುತ್ತಿಗೆ ಪತ್ರವನ್ನು ತೆಗೆದುಕೊಂಡು ಪಾದ್ರಿ ಕ್ರೂಸಿಯುಸರ ಬಾಗಿಲಿಗೆ ಹೋದಳು. ಮುತ್ತಜ್ಜ ಮೊದಲ ಸಲ ಈ ಊರಿಗೆ ಬಂದು ಕೆರೆಯನ್ನು ಗುತ್ತಿಗೆ ಹಿಡಿದ ದಿನ ಬರೆದ ಪತ್ರ ಅದು. ಅವನು ಯಾರನ್ನಾದರೂ ಕೊಲ್ಲುವ ಮೊದಲೇ ಅದರಲ್ಲಿ ಕೆರೆಗೆ ಹೆಸರಿತ್ತು: ಮೋರ್‌ಟೈಖ್. ಮೋರ್ ಎಂದರೆ ಜೌಗು, ಮೊರ್ಡ್ ಎಂದರೆ ಕೊಲೆ. ನಮ್ಮಲ್ಲಿ ‘ಕೊಳೆ’ ಬರೆಯಲು ಹೋಗಿ ‘ಕೊಲೆ’ ಬರೆದಂತೆ. ಯಾವನೋ ನಕಲುಗಾರ ಒಂದಕ್ಷರ ಸೇರಿಸಿದ್ದ. ಚರಿತ್ರೆ ಬರೆದ ಪಾದ್ರಿ ಆ ಅಕ್ಷರಕ್ಕೊಂದು ಹೆಣ ಒದಗಿಸಿದ್ದರು.

“ನಿನ್ನ ಪತ್ರದಲ್ಲಿರುವುದು ಒಂದು ಸಾಲು, ತಾಯಿ. ಇಲ್ಲಿ ಮೂರು ಪುಟ ಇದೆ. ವ್ಯಾಪಾರಿಯ ಕೋಟಿನ ಬಣ್ಣ ಇದೆ, ಸಾಯುವಾಗ ಆಡಿದ ಮಾತೂ ಇದೆ,” ಎಂದರು ಕ್ರೂಸಿಯುಸ್, ಊರಿನ ಚರಿತ್ರೆಯನ್ನು ತೆರೆದು ಆ ಪುಟಗಳನ್ನು ಓದಿ ಹೇಳಿದ ಮೇಲೆ.

“ಆ ಮಾತು ಕೇಳಿಸಿಕೊಂಡವರು ಯಾರು, ಪಾದ್ರಿಗಳೇ? ಕೊಂದವನು ಕೊನೆತನಕ ಬಾಯಿ ಬಿಡಲಿಲ್ಲ ಅಂತ ನೀವೇ ಈಗ ಓದಿದಿರಿ. ಇನ್ನೊಬ್ಬ ಕೆರೆಯಲ್ಲಿದ್ದ.”

ಕ್ರೂಸಿಯುಸ್ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಅವರೇನೂ ದಡ್ಡರಲ್ಲ. “ಇದನ್ನು ಸುಳ್ಳು ಅಂದರೆ, ಇದೇ ಪುಸ್ತಕದಲ್ಲಿರುವ ಊರವರ ಹೊಲದ ಗಡಿಗಳೂ ಸುಳ್ಳಾಗುತ್ತವೆ,” ಎಂದು ಪುಸ್ತಕ ಮುಚ್ಚಿದರು.

“ಹಾಗಾದರೆ ನನ್ನ ಗಂಡ ನಿಮ್ಮ ಗಡಿಕಲ್ಲು,” ಎಂದಳು ವೀಬ್ಕೆ.

ಅವಳು ಹೆಣವನ್ನು ಹಿಮದ ಮೇಲೆ ಜಾರುಬಂಡಿಯಲ್ಲಿ ಎಳೆದು ತಂದು ಕೆರೆಯ ದಡದಲ್ಲೇ ಹೂತಳು. ನೆಲ ಕಲ್ಲಾಗಿತ್ತು, ಬೆಂಕಿ ಹಾಕಿ ಮಣ್ಣು ಮೆತ್ತಗಾದ ಮೇಲೆ ಅಗೆಯಬೇಕಾಯಿತು. ಹಿಮ ಕರಗಿದ ಮೇಲೆ ಶಿಲುಬೆ ನಿಲ್ಲಿಸಿದಳು. ಹೆಸರು ಕೆತ್ತಲು ಕಲ್ಲುಕುಟಿಗ ಒಪ್ಪಲಿಲ್ಲವಾದ್ದರಿಂದ, ಗಂಡನ ಕಸುಬಿನ ಗುರುತಾಗಿ ಒಂದು ಮೀನು ಕೆತ್ತಿಸಿದಳು ಎನ್ನುತ್ತಾರೆ. ಈ ‘ಎನ್ನುತ್ತಾರೆ’ಗೂ ಸಾಕ್ಷಿ ತೆಳುವೇ. ಪತ್ರವಂತೂ ಹಳೆಯ ದಾಖಲೆಗಳ ಕಟ್ಟಿನಲ್ಲಿ ಉಳಿದಿದೆ. ‘ಮೋರ್’ ಎಂಬುದರ ಪಕ್ಕದಲ್ಲಿ ಯಾರೋ ವಿದ್ವಾಂಸರು ಪೆನ್ಸಿಲಿನಲ್ಲಿ ಬರೆದಿದ್ದಾರೆ: “ಒಂದಕ್ಷರ ಬಿಟ್ಟುಹೋಗಿದೆ. ಬರೆದವನ ತಪ್ಪು.”

ಶಿಲುಬೆಯ ಮೇಲಿನ ಮೀನು ಈಗಲೂ ಕಾಣುತ್ತದೆ. ಬಂದವರು ಪಾಚಿ ಒರೆಸಿ ಫೋಟೋ ತೆಗೆದುಕೊಳ್ಳುತ್ತಾರೆ. ಪಕ್ಕದ ಫಲಕದಲ್ಲಿ ಅದರ ಅರ್ಥವನ್ನೂ ವಿವರಿಸಿದೆ: ವ್ಯಾಪಾರಿಯ ಹೆಣವನ್ನು ಮೀನುಗಳು ತಿಂದವು.