ಹೊಟ್ಟೆನೋವಿನ ಬೆಂಚು

“ಗುರುಗಳೇ, ಆಸ್ಪತ್ರೆಯ ಬಿಲ್ಲು, ವಸೂಲಿಯನ್ನೆಲ್ಲ ಈಗ ಎಲ್ಲರೂ ಹೊರಗಿನ ಕಂಪನಿಗಳಿಗೆ ವಹಿಸುತ್ತಿದ್ದಾರೆ. ಅವರು ಬಾಗಿಲಲ್ಲೇ ರೋಗ ಕೇಳಿ, ದರ ಹೇಳಿ, ಹಣ ಕಟ್ಟಿಸಿಕೊಂಡು ಒಳಗೆ ಬಿಡುತ್ತಾರೆ. ನನ್ನನ್ನೂ ಕೇಳಿದ್ದಾರೆ. ನರ್ಸುಗಳಿಗೆ ಸಂಬಳ ಕೊಡುವುದು ಹೇಗೆಂಬ ಚಿಂತೆಯಲ್ಲಿ ನಿದ್ದೆ ಹತ್ತುತ್ತಿಲ್ಲ. ಒಪ್ಪಿಕೊಳ್ಳಲೇ?” ಎಂದು ಡಾಕ್ಟರಾಗಿದ್ದ ಶಿಷ್ಯ ಮರುಳಪ್ಪ ಕೇಳಿದ.

“ನಿದ್ದೆಗೆಟ್ಟು ಯಾವುದಕ್ಕೂ ಹೂಂ ಅನ್ನಬೇಡ. ಮೊದಲು ಕೂತುಕೊಳ್ಳಪ್ಪ” ಎಂದು ಗುರು ಗದರಿದರು. ಆಮೇಲೆ ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಬಂದವರ ಕೈ ಹಿಡಿದು ನಾಡಿ ನೋಡುತ್ತಿದ್ದ, ಮದ್ದು ಕೊಡುತ್ತಿದ್ದ, ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದ. ಕೆಲವರು ಕೊಡುತ್ತಿದ್ದರು. ಹಲವರು ಗುಣವಾದ ಮೇಲೆ ಆ ಬೀದಿಗೇ ತಲೆ ಹಾಕುತ್ತಿರಲಿಲ್ಲ. ಕೊನೆಗೆ ಅಂಗಡಿಯವನು ಮದ್ದಿನ ಸಾಮಾನು ಕೊಡುವುದನ್ನೇ ನಿಲ್ಲಿಸಿದ. ವೈದ್ಯ ಕಂಗಾಲಾದ. ಆಗದೆ ಇರುತ್ತಾನೆಯೇ? ಅವನಿಗೂ ಹೆಂಡತಿ ಮಕ್ಕಳಿದ್ದರು.

ಆಗ ಒಬ್ಬ ವ್ಯಾಪಾರಿ ಬಂದ. “ಮದ್ದು ನೀವು ನೋಡಿಕೊಳ್ಳಿ ಪಂಡಿತರೇ, ಹಣದ ಚಿಂತೆ ನನಗೆ ಬಿಡಿ” ಎಂದ. ಅಂಗಳದಲ್ಲಿ ಮೂರು ಬೆಂಚು ಹಾಕಿಸಿದ. ಹೊಟ್ಟೆನೋವಿಗೆ ಒಂದು, ಜ್ವರಕ್ಕೆ ಒಂದು, ಎದೆನೋವಿಗೆ ಒಂದು. ಹೊಟ್ಟೆನೋವಿಗೆ ಕಡಿಮೆ ದರ, ಎದೆನೋವಿಗೆ ಅದರ ಹತ್ತು ಪಟ್ಟು. ಬಾಗಿಲಲ್ಲೇ ಹಣ ಕೊಟ್ಟು ಅವರವರ ಬೆಂಚಿನ ಮೇಲೆ ಕೂರಬೇಕು.

ಹಣ ಬಂತು. ಜನರೂ ಹೆಚ್ಚಿದರು. ವೈದ್ಯ ನಾಡಿ ಹಿಡಿಯುವುದನ್ನು ಬಿಟ್ಟ. ಯಾವ ರೋಗವೆಂದು ಬೆಂಚೇ ಹೇಳುವಾಗ ಕೈ ಹಿಡಿಯುವುದೇಕೆ? ಆಯಾ ಬೆಂಚಿಗೆ ಆಯಾ ಕಷಾಯ ಕೊಡುತ್ತಾ ಹೋದ. ಎದೆನೋವಿನ ಬೆಂಚು ದಿನೇ ದಿನೇ ಬರಿದಾಯಿತು. ಊರಿನಲ್ಲಿ ಎದೆನೋವೇ ಕಡಿಮೆಯಾಯಿತೆಂದು ಆ ಪುಣ್ಯಾತ್ಮ ಹಿಗ್ಗಿದ!

ಒಂದು ದಿನ ಒಬ್ಬ ನೇಕಾರನನ್ನು ಅವನ ಹೆಂಡತಿ ಕರೆತಂದಳು. ಅವನು ಎದೆ ಒತ್ತಿಕೊಂಡಿದ್ದ. ಮೈಯೆಲ್ಲ ಬೆವರು. ಬಾಗಿಲಲ್ಲಿ ಎದೆನೋವಿನ ದರ ಕೇಳಿ ಅವಳು ಹಣ ಎಣಿಸಿ ನೋಡಿದಳು. ಸೆರಗಿನ ಗಂಟಿನಲ್ಲಿ ಅಷ್ಟಿರಲಿಲ್ಲ.

“ಹೊಟ್ಟೆನೋವು” ಎಂದಳು.

ಗಂಡನನ್ನು ಹೊಟ್ಟೆನೋವಿನ ಬೆಂಚಿನ ಮೇಲೆ ಕೂರಿಸಿದಳು. ಅವನ ಕೈಯನ್ನು ಎದೆಯಿಂದ ಕೆಳಗೆ ಎಳೆದು ಹೊಟ್ಟೆಯ ಮೇಲಿಟ್ಟಳು. ಅದು ಮತ್ತೆ ಮೇಲಕ್ಕೆ ಹೋಯಿತು. ಮತ್ತೆ ಎಳೆದಳು. ವೈದ್ಯ ಹತ್ತಿರ ಬಂದ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಹೇಳಿದರೆ ಎಬ್ಬಿಸಿ ಹೊರಗೆ ಕಳಿಸುತ್ತಾರೇನೋ ಎಂದು ಹೆದರಿ ಸುಮ್ಮನಾದಳು. ವೈದ್ಯ ಓಮದ ಕಷಾಯ ಕೊಟ್ಟು ಮುಂದೆ ಹೋದ. ನೇಕಾರ ಕುಡಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಲೋಟ ಕೈಜಾರಿ ಬಿತ್ತು. ಅವನು ಅವಳ ಹೆಗಲಿಗೆ ವಾಲಿ ಅಲ್ಲೇ ಸತ್ತುಹೋದ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಮರುಳಪ್ಪ ತಡೆಯಲಾರದೆ, “ಅಲ್ಲ ಗುರುಗಳೇ, ಸುಳ್ಳು ಹೇಳಿದ್ದು ಆ ಹೆಂಗಸಲ್ಲವೇ? ಇದರಲ್ಲಿ ವೈದ್ಯನ ತಪ್ಪೇನು?” ಎಂದ.

“ರೋಗ ಏನೆಂದು ನೋಡುವ ಮೊದಲೇ ಅವಳಿಗೆ ಬೆಲೆ ಹೇಳಿಸಿದವನು ಯಾರಪ್ಪ?”