ಜವೆಯ ಎಲೆಗೆ ಚುಕ್ಕೆ ಬಂದದ್ದು

ಭೂಮಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ, ಮಗು. ಯಾವ ಕಡೆಗೆ ಬೀಸಬೇಕು ಎಂಬುದು ಗಾಳಿಗೆ ಇನ್ನೂ ರೂಢಿಯಾಗಿರಲಿಲ್ಲ. ಆಗ ಗೋಧಿಯವರೆಲ್ಲ ಅಕ್ಕತಂಗಿಯರು. ಒಂದೇ ಎರೆ ಹೊಲದಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಲ್ಲುತ್ತಿದ್ದರು.

ಅವರಲ್ಲಿ ಒಬ್ಬಳು ಜವೆ. ಅಕ್ಕತಂಗಿಯರ ತೆನೆಯನ್ನು ಎರಡು ಬಡಿತ ಬಡಿದರೆ ಸಾಕು, ಕಾಳು ಗಲಗಲ ಉದುರುತ್ತಿತ್ತು. ಜವೆಯ ಕಾಳು ಮಾತ್ರ ಸಿಪ್ಪೆಯನ್ನು ಬಿಟ್ಟು ಬರುತ್ತಿರಲಿಲ್ಲ. ಒರಳಿಗೆ ಹಾಕಿ ಒನಕೆಯಿಂದ ಕುಟ್ಟಬೇಕು. ಕುಟ್ಟಿ ಕುಟ್ಟಿ ಹೊಲದೊಡತಿ ಹುಲಿಗೆವ್ವನ ಅಂಗೈಗೆ ಬೊಬ್ಬೆ ಬಂತು.

"ನಿನ್ನ ಕುಟ್ಟೋದ್ರಾಗ ನನ್ನ ರಟ್ಟಿ ಬಿದ್ದು ಹೋಗ್ತಾವವಾ," ಎಂದಳು ಹುಲಿಗೆವ್ವ. ಸಿಟ್ಟಿನಿಂದಲ್ಲ, ದಣಿವಿನಿಂದ. ಮರುವರ್ಷ ಬೀಜಕ್ಕೆ ಉಳಿದಿದ್ದ ಜವೆಯ ಒಂದು ಹಿಡಿ ಕಾಳನ್ನು ಬಿತ್ತದೆ ಬದುವಿನಾಚೆಯ ಕಲ್ಲು ನೆಲಕ್ಕೆ ಎಸೆದುಬಿಟ್ಟಳು.

ಹೆಚ್ಚಿನದನ್ನು ಗುಬ್ಬಿಗಳು ಹೆಕ್ಕಿಕೊಂಡವು. ಹುಟ್ಟಿ ಮೇಲೆ ಬಂದವಳು ಜವೆ ಒಬ್ಬಳೇ.

ಹೊಲದ ಕಡೆಯಿಂದ ಅಕ್ಕತಂಗಿಯರ ಮಾತು ಕೇಳಿಸುತ್ತಿತ್ತು. ಮಾತು ಅಂದರೆ ಎಲೆಗೆ ಎಲೆ ತಾಗುವ ಸದ್ದು. ಜವೆಯ ಎಲೆಗೆ ತಾಗಲು ಯಾರೂ ಇರಲಿಲ್ಲ.

"ಅಲ್ಲಿ ಏನ್ ಮಾತಾಡಾಕತ್ತಾರ?" ಎಂದು ಅವಳು ಗಾಳಿಯನ್ನು ಕೇಳುತ್ತಿದ್ದಳು.

"ನಿನ್ನ ಸುದ್ದಿ ಏನಿಲ್ಲ," ಎನ್ನುತ್ತಿತ್ತು ಗಾಳಿ.

ಹೀಗಿರುವಾಗ ಚಳಿಯ ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ, ಗಾಳಿ ಒಬ್ಬನನ್ನು ತಂದು ಅವಳ ಎಲೆಯ ಮೇಲೆ ಇಳಿಸಿತು. ಧೂಳಿನ ಕಣದಷ್ಟಿದ್ದ. ಹಳೆಯ ಕಬ್ಬಿಣದ ಬಣ್ಣ. ಹೆಸರು ತುಕ್ಕು.

"ಒಂದೀಟು ಜಾಗ ಕೊಡ್ತೀಯೇನವಾ?" ಎಂದ. "ನನಗ ಬೇರಿಲ್ಲ, ಎಲಿ ಇಲ್ಲ. ಗಾಳಿ ಎಲ್ಲಿ ಬಿಟ್ರ ಅಲ್ಲಿ."

ಜವೆಯ ಹತ್ತಿರ ಜಾಗ ಕೇಳಿಕೊಂಡು ಯಾರಾದರೂ ಬಂದದ್ದು ಅದೇ ಮೊದಲು. "ಬಾ, ಕೂಡು," ಎಂದಳು.

ಗೋಧಿಯ ಎಲೆಗೆ ಉಸಿರಾಡಲು ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿರುತ್ತವೆ. ಅಂಥ ಒಂದು ಬಾಗಿಲಿನಿಂದ ತುಕ್ಕು ಒಳಗೆ ಹೋದ. ತಾನು ದಾಟಿ ಬಂದ ಬೆಟ್ಟಗಳ ಕತೆ ಹೇಳಿದ, ಹೊಳೆಗಳ ಕತೆ ಹೇಳಿದ. ಜವೆ ಎರಡು ದಿನ ಗಾಳಿಯನ್ನು ಏನೂ ಕೇಳಲಿಲ್ಲ.

ಮೂರನೆಯ ದಿನ ಎಲೆಯ ಒಳಗೆ ಏನೋ ಟೊಳ್ಳಾದಂತೆ ಅನ್ನಿಸಿತು.

"ಏನ್ ಮಾಡಾಕತ್ತಿ?"

"ಉಣ್ಣಾಕತ್ತೀನಿ. ಮುಚ್ಚಿಡೂದು ಯಾಕ? ಹಸಿ ಎಲಿ ಬಿಟ್ರ ನನಗ ಬ್ಯಾರೆ ಅನ್ನ ಇಲ್ಲ."

"ಉಂಡ ಮ್ಯಾಲ?"

"ಮಕ್ಕಳಾಗ್ತಾವ. ಸಾವಿರ, ಹತ್ತು ಸಾವಿರ. ಗಾಳಿ ಹತ್ತಿ ಆ ಹೊಲಕ್ಕ ಹೋಗ್ತಾವ."

"ಅವರು ನನ್ನ ಅಕ್ಕತಂಗ್ಯಾರು."

"ಅವರು ನಿನ್ನ ಮಾತಾಡಸ್ತಾರೇನು?" ಎಂದ ತುಕ್ಕು.

ಜವೆ ಹೊಲದ ಕಡೆಗೆ ಕಿವಿಗೊಟ್ಟಳು. ಆಮೇಲೆ, "ನೀ ಹೊರಡು," ಎಂದಳು.

"ನನಗ ಕಾಲಿಲ್ಲ."

ಅದು ನಿಜ. ಅವನನ್ನು ಹೊರಗೆ ಕಳಿಸುವ ದಾರಿ ಇರಲಿಲ್ಲ. ಆಗ ಜವೆ, ಅವನು ಕೂತ ಜಾಗಕ್ಕೆ ಬೇರಿನಿಂದ ಬರುವ ನೀರನ್ನು ನಿಲ್ಲಿಸಿದಳು. ಸಾಸಿವೆಯಷ್ಟೂ ಇಲ್ಲದ ಜಾಗ, ಆದರೂ ಅವಳದೇ ಮೈ. ಮೊದಲು ಉರಿಯಿತು, ಆಮೇಲೆ ಒಣಗತೊಡಗಿತು.

"ಗಂಟಲು ಆರಾಕತ್ತದ," ಎಂದ ತುಕ್ಕು.

"ನನಗೂ," ಎಂದಳು ಜವೆ.

ಮತ್ತೆ ಅವನು ಮಾತಾಡಲಿಲ್ಲ. ಅವನು ಕೂತಿದ್ದಲ್ಲಿ ಒಂದು ಒಣ ಚುಕ್ಕೆ ಉಳಿಯಿತು.

ಆದರೆ ಗಾಳಿ ತಂದದ್ದು ಅವನೊಬ್ಬನನ್ನೇ ಅಲ್ಲ. ಅವನ ಅಣ್ಣತಮ್ಮಂದಿರನ್ನು ನಡುಹೊಲದಲ್ಲೂ ಇಳಿಸಿ ಹೋಗಿತ್ತು. "ಅವ ಕೂತ ಜಾಗ ಸಾಯಲಿ, ಬಿಟ್ಟುಬಿಡ್ರಿ ಅಂತ ಅವರಿಗೆ ಹೇಳು," ಎಂದು ಜವೆ ಗಾಳಿಯನ್ನು ಬೇಡಿಕೊಂಡಳು. ಗಾಳಿ ಹೋಗಿ ಹೇಳಿತು. "ನಮ್ಮ ಮೈ ನಾವ ಯಾಕ ಸುಟ್ಕೋಬೇಕು?" ಎಂದರು ಅಕ್ಕತಂಗಿಯರು. ಹೇಗೆ ಸುಟ್ಟುಕೊಳ್ಳಬೇಕು ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಎರಡು ವಾರದಲ್ಲಿ ಹೊಲ ಕೆಂಪಾಯಿತು. ಎಲೆಗೆ ಎಲೆ ತಾಗುವ ಸದ್ದು ಮೊದಲು ಒರಟಾಯಿತು, ಆಮೇಲೆ ನಿಂತೇಹೋಯಿತು. ಜವೆ ಕಿವಿಗೊಟ್ಟು ನಿಂತಳು. ಈಗ ಕೇಳುವುದಕ್ಕೂ ಏನೂ ಇರಲಿಲ್ಲ.

ಕುಡುಗೋಲು ಹಿಡಿದು ಹುಲಿಗೆವ್ವ ಬಂದಳು. ತೆನೆ ತಿಕ್ಕಿ ನೋಡಿದರೆ ಕಾಳು ಜೀರಿಗೆಯಂತೆ ಸೊರಗಿತ್ತು. ಸೀರೆಯ ಅಂಚಿಗೆಲ್ಲ ಕೆಂಪು ಧೂಳು. ಬದುವಿನ ಮೇಲೆ ಕೂತಳು. ಆಗ ಆಚೆ ಹಸಿರಾಗಿ ನಿಂತಿದ್ದ ಜವೆ ಕಂಡಳು.

"ನೀ ಹೆಂಗ ಉಳದಿ?"

"ಬಂದವನ್ನ ಇಟ್ಕೊಳ್ಳಲಿಲ್ಲವ್ವ," ಎಂದಳು ಜವೆ.

ಹುಲಿಗೆವ್ವ ಅವಳ ಎಲೆಯನ್ನು ಬೆರಳಲ್ಲಿ ಸವರಿದಳು. "ಕುಟ್ಟೂದು ಕಷ್ಟ ಅಂತ ನಿನ್ನ ಎಸದೆ," ಎಂದಳು. ತೆನೆ ಮಾಗುವವರೆಗೆ ದಿನಾ ಬಂದು ಗುಬ್ಬಿ ಕಾದಳು.

ಮುಂದಿನ ವರ್ಷ ಜವೆಯನ್ನು ನಡುಹೊಲದಲ್ಲಿ ಬಿತ್ತಿದಳು. ಅಕ್ಕತಂಗಿಯರ ಸೊರಗಿದ ಕಾಳಿನಲ್ಲಿ ಆರಿಸಿ ತೆಗೆದ ಒಂದಿಷ್ಟನ್ನು ಪಕ್ಕದಲ್ಲೇ ಬಿತ್ತಿದಳು. ಹೂವಾದಾಗ ಜವೆಯ ಹೂವಿನ ಧೂಳು ಅವರ ಒಂದೆರಡು ತೆನೆಗೆ ಹಾರಿ ಬಿತ್ತು. ಆ ತೆನೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಕೆಲವರಿಗೆ ಜವೆಯ ವಿದ್ಯೆ ಯಾರೂ ಕಲಿಸದೆಯೇ ಬಂತು. ಕೆಲವರಿಗೆ ಬರಲಿಲ್ಲ. ತುಕ್ಕು ಒಂದು ಸಲ ಹಳದಿ ಅಂಗಿ ತೊಟ್ಟು ಬರುತ್ತಾನೆ, ಒಂದು ಸಲ ಕಪ್ಪು. ಗುರುತು ಸಿಗದೆ ಒಳಗೆ ಬಿಟ್ಟುಕೊಂಡವರು ಈಗಲೂ ಕೆಂಪಾಗಿ ಒಣಗುತ್ತಾರೆ.

ಜವೆಯ ಎರಡೂ ಕಡೆಗೆ ಈಗ ಎಲೆ ತಾಗುತ್ತದೆ. ಆದರೆ ಅವರು ಆ ಅಕ್ಕತಂಗಿಯರಲ್ಲ. "ಒಂದೀಟು ಜಾಗ ಕೊಡ್ತೀಯೇನವಾ?" ಎಂದು ಇಬ್ಬನಿಯ ಹೊತ್ತಿಗೆ ಅದೇ ದನಿ ಕೇಳಿದಾಗ, ಒಂದು ಗಳಿಗೆ ಅವಳಿಗೆ ಹಿತವೆನ್ನಿಸುತ್ತದೆ. ಆಮೇಲೆ ಅಲ್ಲಿಗೆ ನೀರು ನಿಲ್ಲಿಸುತ್ತಾಳೆ.

ಅದಕ್ಕೇ ಚಳಿಗಾಲದಲ್ಲಿ ಜವೆ ಗೋಧಿಯ ಹಸಿರು ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಸೂಜಿ ಚುಚ್ಚಿದಷ್ಟು ಸಣ್ಣ ಒಣ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ, ಮಗು.