ಕಂಬಳಿ ಓಣಿಯ ಕಿಟಕಿ

ನಮ್ಮ ಹಿರೇಗಡಿಯ ಕಂಬಳಿ ಓಣಿಗೆ ಬಂದವರೆಲ್ಲ ಮೊದಲು ಕೇಳುವುದು, ಇಲ್ಲಿ ಕಂಬಳಿ ನೇಯುವವರ ಮನೆ ಯಾವುದು ಎಂದು. ಒಂದೂ ಇಲ್ಲ, ಹಿಂದೆಯೂ ಇರಲಿಲ್ಲ. ಹೊಳೆಯ ದಂಡೆಯಿಂದ ಊರ ಮೇಲಿನ ರುದ್ರಭೂಮಿಗೆ ಏರುವ ಈ ಇಕ್ಕಟ್ಟಾದ ಓಣಿಯ ನಡುವೆ ದೇಸಾಯರ ಪಾಳು ವಾಡೆ ನಿಂತಿದೆ. ಅದರ ಮಹಡಿಯಿಂದ ಒಂದು ಸಾಗವಾನಿ ಕಿಟಕಿ ಬಿಲ್ಲಿನಂತೆ ಬಾಗಿ ಓಣಿಯ ಮೇಲಕ್ಕೆ ಚಾಚಿಕೊಂಡಿದೆ. ಕದವಿಲ್ಲ, ಬರೀ ಕಂಡಿಕಂಡಿಯ ಜಾಲಂಧ್ರ. ಅದರ ನೆತ್ತಿಯ ಮೇಲೆ ಕರಿಯ ಕಂಬಳಿಯೊಂದನ್ನು ಸುತ್ತಿ ಕಟ್ಟಿದ್ದಾರೆ. ಹಗ್ಗ ಓಣಿಯವರೆಗೆ ಇಳಿಬಿದ್ದಿದೆ. ಆಟಕ್ಕೆಂದು ಆ ಹಗ್ಗ ಎಳೆದವರನ್ನು ಬೈಯುವ ಮುದುಕರಲ್ಲಿ ನಾನೂ ಒಬ್ಬ.

ಹಿಂದೆ ಒಮ್ಮೆ ಈ ವಾಡೆಯಲ್ಲಿ ಚನ್ನಬಸಪ್ಪ ದೇಸಾಯಿ ಎಂಬವನಿದ್ದ. ಅವನ ಹೆಂಡತಿ ನೀಲಗಂಗವ್ವ ಹೊಳೆಯಾಚೆಯ ಊರಿನವಳು. ತಾಯಿತಂದೆ ಇಲ್ಲ, ತವರೆಂದರೆ ಅಣ್ಣ ಗುರುಶಾಂತ ಒಬ್ಬನೇ. ಆಗ ವಾಡೆಯ ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ನಾಲ್ಕು ಬಸುರು ಇಳಿದುಹೋಗಿ ಐದನೆಯದು ನಿಂತಾಗ ಅವಳು ಗಂಡನಲ್ಲಿ ಬೇಡಿದ್ದು ಒಂದೇ, ತವರಿನ ದಾರಿ ಕಾಣುವ ಕಿಟಕಿ. ದೇಸಾಯಿ ಬಡಿಗ ಕಾಳಪ್ಪನನ್ನು ಕರೆಸಿದ. ಕಾಳಪ್ಪ ಎರಡು ಮಾದರಿ ಕೆತ್ತಿ ತಂದ. ಒಂದು ಮೂರು ಮುಖದ್ದು, ಮುಖಕ್ಕೊಂದು ಕದ; ಇನ್ನೊಂದು ಬಿಲ್ಲಿನಂತೆ ಬಾಗಿದ್ದು. ದೇಸಾಯಿಯ ಕಣ್ಣು ಬಾಗಿದ್ದರ ಮೇಲೆಯೇ ಬಿತ್ತು. ಮೂರು ಮುಖದ್ದು ಸುತ್ತಿನ ವಾಡೆಗಳಲ್ಲೆಲ್ಲ ಇತ್ತಲ್ಲ!

"ಧಣ್ಯಾರ, ಬಾಗಿದ್ದಕ್ಕ ಕದಾ ಕೂಡೂದಿಲ್ರಿ," ಎಂದ ಕಾಳಪ್ಪ. "ಇದು ಹೆಣಾ ಹೋಗೂ ದಾರಿ. ನೋಡಬಾರದ್ದು ಬಂದ್ರ ಮುಚ್ಚಾಕ ಬರಬೇಕ್ರಿ."

"ನನ್ನ ಮನೀ ಮುಂದ ನೋಡಬಾರದ್ದು ಏನ್ ಬರತೈತೋ ಹುಚ್ಚಪ್ಪ? ಹೇಳಿದ್ದು ಮಾಡು."

ಕಾಳಪ್ಪ ಮಾಡಿದ, ಕಿಟಕಿ ಕೂತಿತು. ಆಮೇಲೆ ಎಷ್ಟೋ ಹೆಣಗಳು ಅದರ ಕೆಳಗೆ ಹಾದುಹೋದವು. ನಮ್ಮಲ್ಲಿ ಶವವನ್ನು ಬಿದಿರು ಕಟ್ಟಿ ಮಾಡಿದ ವಿಮಾನದಲ್ಲಿ ಕೂಡಿಸಿ, ಮುಖ ಕಾಣುವಂತೆ ಹೊರುತ್ತಾರೆ. ಓಣಿಯವರೆಲ್ಲ ಕದ ಹಾಕಿಕೊಂಡರೆ ನೀಲಗಂಗವ್ವ ಮಾತ್ರ ಜಾಲಂಧ್ರದಿಂದ ನೋಡಿ ಕೈಮುಗಿಯುತ್ತಿದ್ದಳು. ಯಾರೂ ಬೇಡವೆನ್ನಲಿಲ್ಲ.

ಏಳನೆಯ ತಿಂಗಳಲ್ಲಿ ಕುಬಸದ, ಅಂದರೆ ಸೀಮಂತದ, ಸೀರೆ ತರುವೆನೆಂದು ಅಣ್ಣ ದಿನ ಹೇಳಿಕಳಿಸಿದ. ಆ ದಿನ ಹೊಳೆ ತುಂಬಿತ್ತು. ಹರಗೋಲು ಮಗುಚಿ, ಮಧ್ಯಾಹ್ನದ ಹೊತ್ತಿಗೆ ಅವನ ಹೆಣ ನಮ್ಮ ದಂಡೆಗೆ ಬಿತ್ತು. ಆಚೆಗೆ ಒಯ್ಯಲು ನೀರು ಬಿಡಲಿಲ್ಲ; ರುದ್ರಭೂಮಿಗೆ ಬೇರೆ ದಾರಿಯೂ ಇರಲಿಲ್ಲ. ಬಸುರಿಗೆ ಸುದ್ದಿ ಮುಟ್ಟಿದರೆ ಇದೂ ಉಳಿಯದೆಂದು ದೇಸಾಯಿ ಹೆದರಿದ. ಕಿಟಕಿ ಬಿಟ್ಟು ಒಳಗೆ ಬಾ ಎಂದು ಹೇಳಿಕಳಿಸಿದರೆ, "ಅಣ್ಣ ಬರೂ ಹೊತ್ತಾತು, ನಾ ಏಳೂದಿಲ್ಲ" ಎಂದಳಂತೆ. ಅಯ್ಯೋ ಶಿವನೇ! ದೇಸಾಯಿ ದಾರಿಹೋಕ ಕುರುಬನ ಹೆಗಲಿನ ಕಂಬಳಿ ಕಸಿದುಕೊಂಡು, ಏಣಿ ಹತ್ತಿ, ಹೊರಗಿನಿಂದ ಕಿಟಕಿಗೆ ಹೊದಿಸಿ ಎರಡೂ ಕೈಯಲ್ಲಿ ಒತ್ತಿ ಹಿಡಿದ.

ಹಾಡುಹಗಲೇ ಒಳಗೆ ಕತ್ತಲಾಯಿತು. "ಇಷ್ಟ ಮಂದಿ ಹೆಣಾ ಹೋದಾಗ ಯಾರೂ ಮುಚ್ಚಲಿಲ್ಲ," ಎಂದು ಅವಳ ಧ್ವನಿ ಕಂಬಳಿಯ ಹಿಂದಿನಿಂದ ಬಂತು. "ಇವತ್ತ ಮುಚ್ಚೀರಿ ಅಂದ್ರ, ಹೋಗಾಕತ್ತಾಂವ ನಮ್ಮಣ್ಣ. ತಗೀರಿ, ಒಂದ್ ಸಲ ಮಾರಿ ನೋಡತೀನಿ." ಜಾಲಂಧ್ರದಿಂದ ಬೆರಳು ತೂರಿಸಿ ಅವಳು ಕಂಬಳಿಯನ್ನು ಕೆರೆದೇ ಕೆರೆದಳು. ವಿಮಾನ ತಿರುವು ದಾಟುವವರೆಗೂ ಅವನು ಬಿಡಲಿಲ್ಲ. ಮೂರನೆಯ ದಿನ ತಾಯಿಯೂ ಮಗುವೂ ಅದೇ ದಾರಿಯಲ್ಲಿ ಹೋದರು.

ಮುಚ್ಚುವುದಾದರೆ ಎಲ್ಲರಿಗೂ ಮುಚ್ಚಬೇಕಿತ್ತು ಎಂದು ದೇಸಾಯಿ ಸಾಯುವ ತನಕ ಹಲುಬಿದನಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ಯಾರದೇ ಹೆಣ ಹೋಗಲಿ, ಓಣಿಯವರು ಹಗ್ಗ ಎಳೆದು ಕಂಬಳಿ ಇಳಿಬಿಡುತ್ತಾರೆ. ವಾಡೆಯೊಳಗೆ ಯಾರೂ ಇಲ್ಲ; ಮಹಡಿಯ ಮೆಟ್ಟಿಲು ಕುಸಿದು ಮೂರು ತಲೆಮಾರಾಯಿತು. ಆದರೂ ಎಂಥ ಹೊಸ ಕಂಬಳಿ ಕಟ್ಟಿದರೂ ನಡುವೆ ಅಂಗೈಯಗಲ ಜಾಗವೇ ಮೊದಲು ಸವೆಯುತ್ತದೆ, ಅದೂ ಒಳಮಗ್ಗುಲಿನಿಂದ ಎನ್ನುತ್ತಾರೆ. ಇಲಿಯ ಕೆಲಸ ಎನ್ನುವ ಜಾಣರೂ ಇದ್ದಾರೆ, ಇರಲಿ. ನೀವು ಬಂದ ದಿನ ಕಂಬಳಿ ಇಳಿಬಿದ್ದಿದ್ದರೆ ಗೋಡೆಗೆ ಸರಿದು ನಿಂತು ಕೈಮುಗಿಯಿರಿ. ಹೋದವರು ಯಾರು ಎಂದು ಮಾತ್ರ ಗಟ್ಟಿಯಾಗಿ ಕೇಳಬೇಡಿ. ಮೇಲೆ ಕೇಳಿಸಿಕೊಳ್ಳುವವರಿದ್ದಾರೆ.